ಕರಡಿ ಮರಿಯ ಬಣ್ಣ, ದೀಪದ ಬಣ್ಣ



ಸೊಲ್ಲಾಪುರದ ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಟವೆಲ್ ಬಟ್ಟೆಯ ತುಂಡುಗಳಿಂದ ಕರಡಿ ಮರಿಯ ಗೊಂಬೆ ಹೊಲಿಯುತ್ತಾಳೆ. ಅರಳೆ ತುಂಬಿ, ಗುಂಡಿಯ ಕಣ್ಣು ಹಚ್ಚಿ ಮುಗಿಸಲು ಒಂದೊಂದಕ್ಕೆ ಎರಡು ದಿನ ಬೇಕು. ಕಳೆದ ವರ್ಷ ಮರೂನ್ ಬಣ್ಣದ ಒಂದು ಕರಡಿಯ ಫೋಟೋವನ್ನು ರಾತ್ರಿ ನಮ್ಮ ಪಡಸಾಲೆಯಲ್ಲಿ ನಾನೇ ಮೊಬೈಲಿನಿಂದ ತೆಗೆದು ಕಳಿಸಿದೆ. ಪುಣೆಯಿಂದ ಅಂಥವೇ ಆರು ಬೇಕೆಂದು ಹೇಳಿಕೆ ಬಂತು. ಹನ್ನೆರಡು ದಿನ ಕುಳಿತು ಹೊಲಿದು ಕಳಿಸಿದಳು. ಆರೂ ತಿರುಗಿ ಬಂದವು. ಫೋಟೋದಲ್ಲಿ ಇದ್ದದ್ದು ಇಟ್ಟಂಗಿ ಬಣ್ಣ, ಬಂದದ್ದು ಬೇರೆ ಎಂಬುದು ಅವರ ದೂರು. ಅವರು ಹೇಳಿದ್ದು ಸುಳ್ಳಲ್ಲ. ಹೋಗಿ ಬಂದ ಖರ್ಚು ಆಕೆಯ ತಲೆಗೆ ಬಂತು. ಆಕೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತ ನಾನು ಈ ಇತಿಹಾಸಕ್ಕೆ ಇಳಿದೆ.

ಈ ಗೊಂಬೆಯೂ ಬಣ್ಣದ ಫೋಟೋವೂ ಸುಮಾರು ಒಂದೇ ಕಾಲಕ್ಕೆ ಪೇಟೆಗೆ ಬಂದವು. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಬೇಟೆಗೆ ಹೋದಾಗ, ಕಟ್ಟಿಹಾಕಿದ ಕರಡಿಗೆ ಗುಂಡು ಹೊಡೆಯಲಾರೆ ಎಂದರು. ಪತ್ರಿಕೆಯಲ್ಲಿ ಅದರ ವ್ಯಂಗ್ಯಚಿತ್ರ ಬಂತು, ಗೊಂಬೆಗೆ ಅವರ ಮುದ್ದಿನ ಹೆಸರು 'ಟೆಡ್ಡಿ' ಅಂಟಿಕೊಂಡಿತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಮಾರ್ಗರೆಟ್ ಸ್ಟೈಫ್ ಅವರ ಕಾರಖಾನೆಯೂ ಕರಡಿ ಹೊಲಿಯತೊಡಗಿತ್ತು. 1907ರಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು ಬಣ್ಣದ ಫೋಟೋದ ಗಾಜಿನ ಫಲಕವನ್ನು ಮಾರಾಟಕ್ಕೆ ತಂದರು. ಅದರಲ್ಲಿ ಬಣ್ಣ ಹಿಡಿಯುತ್ತಿದ್ದುದು ಏನು ಗೊತ್ತೇ? ಬಣ್ಣ ಕಟ್ಟಿದ ಆಲೂಗಡ್ಡೆಯ ಪಿಷ್ಟದ ಕಣಗಳು!

ಆದರೆ ಕೆಂಪಿನ ತಕರಾರು ಇದಕ್ಕಿಂತ ಹಳೆಯದು. 1861ರ ಮೇ 17ರಂದು ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಪಟ್ಟೆ ಪಟ್ಟೆಯ ರಿಬ್ಬನ್ನೊಂದರ ಬಣ್ಣದ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಬೇರೆ ಬೇರೆ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಬೀಳಿಸಿದ್ದರು. ವಿಚಿತ್ರವೆಂದರೆ ಆ ಕಾಲದ ಫಲಕಕ್ಕೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಮೂಡಿದ್ದು ಹೇಗೆ? ನೂರು ವರ್ಷದ ಮೇಲೆ, 1961ರಲ್ಲಿ, ಕೊಡಕ್ ಕಂಪನಿಯ ಸಂಶೋಧಕರು ಉತ್ತರ ಕಂಡುಕೊಂಡರು. ರಿಬ್ಬನ್ನಿನ ಕೆಂಪು ಭಾಗದಿಂದ ಕಣ್ಣಿಗೆ ಕಾಣದ ಅತಿನೇರಳೆ ಕಿರಣವೂ ಹೊಮ್ಮುತ್ತಿತ್ತು, ಅದು ಕೆಂಪು ದ್ರಾವಣವನ್ನು ದಾಟಿ ಬಂದು ಫಲಕದ ಮೇಲೆ ಬಿದ್ದಿತ್ತು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಎರಡು ತಪ್ಪು ಕೂಡಿ ಲೆಕ್ಕ ತಾಳೆಯಾಗಿತ್ತು.

ಇನ್ನು ಮನೆಯೊಳಗಿನ ದೀಪ. ನಮ್ಮ ಕಣ್ಣು ಬಲು ಹೊಂದಿಕೊಳ್ಳುವ ಗಿರಾಕಿ. ಹಳದಿ ಬಲ್ಬಿನ ಕೆಳಗೂ ಲೆಜರಿನ ಹಾಳೆ ನನಗೆ ಬೆಳ್ಳಗೇ ಕಾಣುತ್ತಿತ್ತು. ಫಿಲ್ಮಿಗೆ ಆ ದಾಕ್ಷಿಣ್ಯ ಇರಲಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಳೆಯ ಬಲ್ಬು ಸುಮಾರು 2700, ಮಧ್ಯಾಹ್ನದ ಬಿಸಿಲು ಸುಮಾರು 5500. ಅದಕ್ಕೇ 1930ರ ದಶಕದಲ್ಲಿ ಕೊಡಾಕ್ರೋಮ್ ಫಿಲ್ಮು ಬಂದಾಗ ಬಿಸಿಲಿಗೆ ಒಂದು, ದೀಪಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮಾಡಬೇಕಾಯಿತು. ಬಿಸಿಲಿನ ಫಿಲ್ಮನ್ನು ಬಲ್ಬಿನ ಕೆಳಗೆ ಬಳಸಿದರೆ ಮದುಮಗಳ ಮುಖಕ್ಕೆಲ್ಲ ಅರಿಶಿನ. ಟ್ಯೂಬ್‌ಲೈಟಿನ ಕೆಳಗೆ ಹಸಿರು ಛಾಯೆ. ನಿಮ್ಮ ಮನೆಯ ಹಳೆಯ ಆಲ್ಬಮ್ ತೆರೆದು ನೋಡಿರಿ.

ಮೊಬೈಲು ಇದನ್ನೆಲ್ಲ ತಾನೇ ಸರಿಪಡಿಸುತ್ತದೆ ಎಂದು ನಾನು ನಂಬಿದ್ದೆ. ಸರಿಪಡಿಸುತ್ತದೆ, ಆದರೆ ಅಂದಾಜಿನ ಮೇಲೆ. ಚಿತ್ರದಲ್ಲಿರುವ ಬಣ್ಣಗಳನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ ಬೂದು ಬರಬೇಕು ಎಂಬುದು ಅದರ ಹಳೆಯ ಲೆಕ್ಕಗಳಲ್ಲೊಂದು. ಚಿತ್ರದ ತುಂಬ ಕೆಂಗಂದು ಕರಡಿಯೇ ಕೂತಿದ್ದರೆ, ಕರಡಿಯ ಬಣ್ಣವನ್ನೇ ದೀಪದ ಬಣ್ಣವೆಂದು ತಿಳಿದು ಕಳೆಯತೊಡಗುತ್ತದೆ. ಗೊಂಬೆ ಕಪ್ಪಾಯಿತೆಂದು ಬೆಳಕನ್ನೂ ಏರಿಸುತ್ತದೆ. ಮೂರನೆಯದು ಎಲ್‌ಇಡಿ ಬಲ್ಬಿನ ಗುಣ. 2014ರಲ್ಲಿ ಮೂವರಿಗೆ ನೊಬೆಲ್ ತಂದ ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ಪುಡಿ ಲೇಪಿಸಿ ಬಿಳಿ ಬೆಳಕು ಮಾಡುತ್ತಾರೆ. ಅಗ್ಗದ ಬಲ್ಬಿನಲ್ಲಿ ಗಾಢ ಕೆಂಪು ಬಹಳ ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಬಟ್ಟೆ ಎಲ್ಲಿಂದ ತರಬೇಕು? ನಮ್ಮ ಮರೂನ್ ಇಟ್ಟಂಗಿಯಾದದ್ದು ಹೀಗೆ.

ಕಳೆದ ದೀಪಾವಳಿಯ ಮುಂದೆ ಮತ್ತೆ ಪ್ರಯತ್ನ ಮಾಡಿದೆವು. ಮುಂಜಾನೆ ಹತ್ತಕ್ಕೆ ಮನೆಯ ದೀಪಗಳನ್ನೆಲ್ಲ ಆರಿಸಿ, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಕರಡಿಯನ್ನು ಕೂಡಿಸಿದೆ. ಕಿಟಕಿಯ ಬೆಳಕು, ಬಲ್ಬು ಎರಡೂ ಕೂಡಿದರೆ ಕರಡಿಯ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗುತ್ತದೆ, ಆಮೇಲೆ ಯಾರೂ ಸರಿಪಡಿಸಲಾರರು. ಪಕ್ಕದಲ್ಲಿ ಬೂದು ಬಣ್ಣದ ಕಾರ್ಡು ಇಟ್ಟು, ಅದಕ್ಕೆ ಬಣ್ಣ ಹೊಂದಿಸಿಕೊಂಡು ತೆಗೆದೆ. ಬಿಳಿ ಹಾಳೆ ಸಾಲದೇ ಎಂದು ಕೇಳಬಹುದು. ಅಂಗಡಿಯ ಹಾಳೆಗೆ, ನಾವು ಧೋತರಕ್ಕೆ ನೀಲಿ ಹಾಕಿದಂತೆ, ಹೊಳಪಿನ ರಸಾಯನ ಹಾಕಿರುತ್ತಾರೆ, ಹಗಲಿನಲ್ಲಿ ತುಸು ನೀಲಿ ಬೀರುತ್ತದೆ. ಬೆಳಕನ್ನು ಕೈಯಿಂದಲೇ ಒಂದು ಮೆಟ್ಟಿಲು ಇಳಿಸಿದೆ.

ಆಕೆ ಕತ್ತರಿಸಿ ಉಳಿದ ಬಟ್ಟೆಯ ತುಂಡನ್ನು ತಂದು ಮೊಬೈಲಿನ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಾಕಾ, ಇನ್ನೂ ಒಂದು ಚೂರು ಕಪ್ಪು ಆಗಬೇಕ್ರಿ" ಎಂದಳು.

ಇನ್ನೊಂದು ಮೆಟ್ಟಿಲು ಇಳಿಸಿದೆ. ಆಗ ಹೂಂ ಅಂದಳು. ತಿರುಗಿ ಬಂದ ಆರರಲ್ಲಿ ನಾಲ್ಕು ಆ ಫೋಟೋದ ಮೇಲೆ ಹೋದವು. ಉಳಿದ ಎರಡರಲ್ಲಿ ಒಂದು ಈಗ ನಮ್ಮ ಮೊಮ್ಮಗಳ ಹಾಸಿಗೆಯಲ್ಲಿದೆ. ಅದಕ್ಕೆ ನಾನು ಪೂರಾ ಹಣ ಕೊಟ್ಟೆ, ಆಕೆ ಬೇಡವೆಂದರೂ.