ಜಾಲ ಕಾಯುವ ನಾಲ್ಕು ತಂತ್ರಾಂಶಗಳು

ಹತ್ತು ಹನ್ನೆರಡು ಕಂಪ್ಯೂಟರ್‌ಗಳಿರುವ ಸಣ್ಣ ಕಚೇರಿಯಲ್ಲಿ ಜಾಲದ ಉಸ್ತುವಾರಿಗೆಂದೇ ಎಂಜಿನಿಯರ್ ಇರುವುದು ಅಪರೂಪ. ಲೆಕ್ಕ ಬರೆಯುವವರೋ, ಶಾಲೆಯಾದರೆ ವಿಜ್ಞಾನದ ಮೇಷ್ಟ್ರೋ ಆ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಅವರಿಗೆ ಉಚಿತವಾಗಿ ಸಿಗುವ ಉಪಕರಣಗಳು ಹಲವು. ಅವುಗಳಲ್ಲಿ ಪಿಂಗ್, ಸಾಂಬಾ, ಎಸ್‌ಎಸ್‌ಎಚ್ ಮತ್ತು ಆರ್‌ಸಿಂಕ್ ಎಂಬ ನಾಲ್ಕನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ. ನಾಲ್ಕೂ ಹುಟ್ಟಿದ್ದು ಯಾರಿಗೋ ಎದುರಾದ ಒಂದು ನಿರ್ದಿಷ್ಟ ಅಗತ್ಯದಿಂದ. ಆ ಅಗತ್ಯ ಯಾವುದೆಂದು ತಿಳಿದರೆ, ಉಪಕರಣ ಏನು ಮಾಡಬಲ್ಲದು ಎಂಬುದರ ಜೊತೆಗೆ ಏನು ಮಾಡಲಾರದು ಎಂಬುದೂ ತಿಳಿಯುತ್ತದೆ. ಕಚೇರಿಯ ಲೆಕ್ಕಪತ್ರಗಳ ಉಳಿವು ಎಷ್ಟೋ ಸಲ ಈ ಎರಡನೆಯ ತಿಳಿವಳಿಕೆಯನ್ನೇ ಅವಲಂಬಿಸಿರುತ್ತದೆ.

ಪ್ರತಿಧ್ವನಿ ಕೇಳುವ ಪಿಂಗ್

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಮೈಕ್ ಮೂಸ್ ಅವರಿಗೆ ಜಾಲವೊಂದರ ವಿಚಿತ್ರ ವರ್ತನೆ ತಲೆನೋವಾಗಿತ್ತು. 1981ರಲ್ಲಿ ಪ್ರಕಟವಾಗಿದ್ದ ಐಸಿಎಂಪಿ ನಿಯಮಗಳಲ್ಲಿ ಒಂದು ಸೌಲಭ್ಯವಿತ್ತು: 'ಎಕೋ' ಕೋರಿಕೆ ತಲುಪಿದ ಯಂತ್ರ ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಇದನ್ನು ಬಳಸಿಕೊಂಡು ಮೂಸ್ ಸುಮಾರು ಸಾವಿರ ಸಾಲುಗಳ ಪ್ರೋಗ್ರಾಂ ಬರೆದರು. ನೀರಿನಲ್ಲಿ ಶಬ್ದ ಕಳಿಸಿ ಪ್ರತಿಧ್ವನಿಗೆ ಕಿವಿಗೊಡುವ ಸೋನಾರ್ ಅವರಿಗೆ ಮಾದರಿ. ಸೋನಾರ್‌ನ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟರು.

ಜಾಲ ಕೆಟ್ಟಾಗ ಪಿಂಗನ್ನು ಹತ್ತಿರದಿಂದ ದೂರಕ್ಕೆ ಬಳಸಬೇಕು. ಮೊದಲು ನಮ್ಮದೇ ಯಂತ್ರ (127.0.0.1), ನಂತರ ಕಚೇರಿಯ ರೌಟರ್, ಆಮೇಲೆ ಹೊರಗಿನ ಒಂದು ಸಂಖ್ಯಾ ವಿಳಾಸ, ಕೊನೆಗೆ ಹೆಸರಿನ ವಿಳಾಸ. ಉತ್ತರ ಎಲ್ಲಿ ನಿಂತಿತೋ ದೋಷವನ್ನು ಅಲ್ಲಿ ಹುಡುಕಬೇಕು. ಸಂಖ್ಯೆಗೆ ಉತ್ತರ ಬಂದು ಹೆಸರೇ ಗುರುತು ಸಿಗದಿದ್ದರೆ ತೊಂದರೆ ಇರುವುದು ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆಯಲ್ಲಿ, ತಂತಿಯಲ್ಲಲ್ಲ. ಆದರೆ ಪ್ರತಿಧ್ವನಿ ಬಂದ ಮಾತ್ರಕ್ಕೆ ಸರ್ವರ್‌ನಲ್ಲಿರುವ ಲೆಕ್ಕದ ತಂತ್ರಾಂಶ ಓಡುತ್ತಿದೆ ಎಂದಾಗುವುದಿಲ್ಲ. ಫೈರ್‌ವಾಲ್ ಎಕೋವನ್ನು ತಡೆದಿದ್ದರೆ, ಉತ್ತರ ಬಾರದ ಯಂತ್ರವೂ ಸರಿಯಾಗಿಯೇ ಇರಬಹುದು.

ಕದ್ದು ಕೇಳಿ ಕಲಿತ ಸಾಂಬಾ

ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1991ರ ಡಿಸೆಂಬರ್‌ನಲ್ಲಿ ತಮ್ಮ ಡಾಸ್ ಯಂತ್ರದಿಂದ ಯುನಿಕ್ಸ್ ಯಂತ್ರದ ಡಿಸ್ಕನ್ನು ಬಳಸಲು ಹೊರಟರು. ಎರಡೂ ಬೇರೆ ಬೇರೆ ಭಾಷೆ ಆಡುತ್ತಿದ್ದವು. ಜಾಲದಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು ಸೆರೆಹಿಡಿದು, ಯಾವ ಪ್ರಶ್ನೆಗೆ ಯಾವ ಉತ್ತರ ಹೋಗುತ್ತದೆಂದು ಗಮನಿಸಿ, ಹಾಗೆಯೇ ಉತ್ತರಿಸುವ ಪ್ರೋಗ್ರಾಂ ಬರೆದು 1992ರ ಜನವರಿಯಲ್ಲಿ ಎಲ್ಲರಿಗೂ ಹಂಚಿದರು. ಆ ಭಾಷೆಯ ಹೆಸರು ಎಸ್‌ಎಂಬಿ. ಮೊದಲಿಟ್ಟ ಹೆಸರನ್ನು ಬೇರೊಂದು ಕಂಪನಿ ಆಗಲೇ ಬಳಸುತ್ತಿದ್ದುದರಿಂದ, ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರ್‌ನ ಪದಪಟ್ಟಿಯಲ್ಲಿ ಹುಡುಕಿಸಿದರು, ಸಿಕ್ಕಿದ್ದು 'ಸಾಂಬಾ'. ಇದರ ನೆರವಿನಿಂದ ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಹಾಕಿದರೆ ಸಾಕು, ವಿಂಡೋಸ್ ಯಂತ್ರಗಳೆಲ್ಲ ಕಡತಗಳನ್ನು ಅದರಲ್ಲಿ ಒಂದೆಡೆ ಇಡಬಹುದು. ಆದರೆ ಎಲ್ಲರಿಗೂ ತೆರೆದ ಕಪಾಟು ವೈರಸ್ಸಿಗೂ ತೆರೆದಿರುತ್ತದೆ.

ಅಂಚೆ ಕಾರ್ಡಿನಿಂದ ಮುಚ್ಚಿದ ಲಕೋಟೆಗೆ

ದೂರದ ಯಂತ್ರವನ್ನು ನಿರ್ವಹಿಸಲು ಹಿಂದೆ ಟೆಲ್ನೆಟ್ ಬಳಕೆಯಲ್ಲಿತ್ತು. ಅದರಲ್ಲಿ ಗುಪ್ತಪದವೂ ಅಂಚೆ ಕಾರ್ಡಿನ ಬರಹದಂತೆ ಬಯಲಾಗಿ ಸಾಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದಾಗ, ಅಲ್ಲಿದ್ದ ತಾತು ಯುಲೊನೆನ್ ಮಾತುಕತೆಯನ್ನೆಲ್ಲ ಗೂಢಲಿಪಿಗೆ ಬದಲಿಸುವ ಎಸ್‌ಎಸ್‌ಎಚ್ ರಚಿಸಿ, ಅದೇ ವರ್ಷದ ಜುಲೈಯಲ್ಲಿ ಬಿಡುಗಡೆ ಮಾಡಿದರು. ಎಫ್‌ಟಿಪಿಯ ಪೋರ್ಟ್ 21, ಟೆಲ್ನೆಟ್‌ನದು 23. ನಡುವೆ ಖಾಲಿ ಇದ್ದ 22 ಇದಕ್ಕೆ ಸಿಕ್ಕಿತು. 1999ರಲ್ಲಿ ಓಪನ್‌ಎಸ್‌ಎಸ್‌ಎಚ್ ಬಂತು. ವಿಂಡೋಸ್ ಬಳಸುವವರಿಗೆ ಸೈಮನ್ ಟ್ಯಾಥಮ್ ಅವರ ಪುಟ್ಟಿ ಬಂದದ್ದೂ ಅದೇ ವರ್ಷ. ಎಸ್‌ಎಸ್‌ಎಚ್ ದಾರಿಯನ್ನಷ್ಟೇ ಕಾಯುತ್ತದೆ. ಗುಪ್ತಪದ 'ಅಡ್ಮಿನ್123' ಎಂದಿದ್ದರೆ ಕಳ್ಳ ದಾರಿ ಬಿಟ್ಟು ಬಾಗಿಲಿಗೇ ಬರುತ್ತಾನೆ. ಆದ್ದರಿಂದ ಗುಪ್ತಪದದ ಬದಲು ಕೀಲಿಜೋಡಿ ಬಳಸುವುದು ಲೇಸು.

ಬದಲಾದಷ್ಟನ್ನೇ ಕಳಿಸುವ ಆರ್‌ಸಿಂಕ್

ಟ್ರಿಜೆಲ್ ಅವರು ಪಾಲ್ ಮೆಕೆರಸ್ ಜೊತೆಗೂಡಿ 1996ರ ಜೂನ್‌ನಲ್ಲಿ ಹೊರತಂದದ್ದು ಆರ್‌ಸಿಂಕ್. ನಿಧಾನಗತಿಯ ಸಂಪರ್ಕದ ಎರಡು ತುದಿಗಳಲ್ಲಿ ಒಂದೇ ಕಡತದ ಹಳೆಯ ಮತ್ತು ಹೊಸ ಪ್ರತಿಗಳಿವೆ. ಇಡೀ ಕಡತ ಕಳಿಸದೆ, ಬದಲಾದಷ್ಟನ್ನೇ ಕಳಿಸಬೇಕು. ಆದರೆ ಎರಡೂ ಪ್ರತಿಗಳು ಒಂದೇ ಕಡೆ ಇಲ್ಲದಿರುವಾಗ ಹೋಲಿಸುವುದು ಹೇಗೆ?

ಉಪಾಯ ಹೀಗಿದೆ. ಹಳೆಯ ಪ್ರತಿ ಇರುವ ಯಂತ್ರ ಅದನ್ನು ಸಮನಾದ ತುಂಡುಗಳಾಗಿಸಿ ಪ್ರತಿ ತುಂಡಿಗೂ ಒಂದು ಸಣ್ಣ 'ಮೊತ್ತ' ಲೆಕ್ಕಹಾಕಿ ಕಳಿಸುತ್ತದೆ. ಹೊಸ ಪ್ರತಿ ಇರುವ ಯಂತ್ರ ಆ ಮೊತ್ತಗಳಿಗೆ ಹೊಂದುವ ತುಂಡುಗಳನ್ನು ತನ್ನಲ್ಲಿ ಹುಡುಕಿ, ಹೊಂದದ ಭಾಗವನ್ನಷ್ಟೇ ರವಾನಿಸುತ್ತದೆ. ನಡುವೆ ಒಂದು ಅಕ್ಷರ ಸೇರಿದರೂ ಮುಂದಿನದೆಲ್ಲ ಸರಿದುಬಿಡುವುದರಿಂದ ಒಂದೊಂದೇ ಬೈಟ್ ಸರಿಯುತ್ತಾ ಹುಡುಕಬೇಕು. ಪ್ರತಿ ಸಲ ಮೊದಲಿನಿಂದ ಕೂಡಿದರೆ ಕೆಲಸ ಮುಗಿಯದು. 3, 7, 2, 5, 9 ಎಂಬ ಸಂಖ್ಯೆಗಳನ್ನು ನೋಡಿ. ಮೊದಲ ನಾಲ್ಕರ ಮೊತ್ತ 17. ಒಂದು ಸ್ಥಾನ ಸರಿದಾಗ ಹೊರಹೋದ 3 ಕಳೆದು ಒಳಬಂದ 9 ಕೂಡಿದರೆ 23. ಅದೇ ಮುಂದಿನ ನಾಲ್ಕರ ಮೊತ್ತ. ಇದೇ 'ಉರುಳುವ ಮೊತ್ತ'. ತರಗತಿಯ ಕಪ್ಪು ಹಲಗೆಯ ಮೇಲೂ ಇದನ್ನು ಮಾಡಿ ತೋರಿಸಬಹುದು.

ಬರೀ ಕೂಡಿದರೆ 7, 2, 5, 9 ಕ್ಕೂ 9, 5, 2, 7 ಕ್ಕೂ ವ್ಯತ್ಯಾಸ ಕಾಣದು. ಆದ್ದರಿಂದ ಸ್ಥಾನಕ್ಕೂ ಬೆಲೆ ಕೊಡುವ ಇನ್ನೊಂದು ಮೊತ್ತವನ್ನು ಸೇರಿಸಿ 32 ಬಿಟ್‌ಗಳ ಗುರುತು ಮಾಡಿದರು. ಅದು ಹೊಂದಿದಲ್ಲಿ ಮಾತ್ರ, ಲೆಕ್ಕಕ್ಕೆ ದುಬಾರಿಯಾದ 128 ಬಿಟ್‌ಗಳ ಗಟ್ಟಿ ಗುರುತಿನಿಂದ ಖಚಿತಪಡಿಸಿಕೊಂಡರು. ಅಗ್ಗದ ಜರಡಿ ಮೊದಲು, ದುಬಾರಿ ಪರೀಕ್ಷೆ ನಂತರ.

ಪ್ರತಿ ಬೇರೆ, ರಕ್ಷಣೆ ಬೇರೆ

2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಕಡತಗಳನ್ನು ಗೂಢಲಿಪಿಗೆ ಬದಲಿಸಿ ಹಣ ಕೇಳಿತು. ಅದು ನುಸುಳಿದ್ದು ವಿಂಡೋಸ್‌ನ ಹಳೆಯ ಎಸ್‌ಎಂಬಿಯಲ್ಲಿದ್ದ ದೋಷದ ಮೂಲಕ. ಆ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. ಅದೇ ತಿಂಗಳು ಸಾಂಬಾದಲ್ಲೂ 2010ರಿಂದ ಅಡಗಿದ್ದ ಒಂದು ಗಂಭೀರ ದೋಷ ಬಯಲಾಗಿ ಸರಿಹೋಯಿತು.

ಇಂತಹ ದಿನ ಆರ್‌ಸಿಂಕ್ ನಮ್ಮನ್ನು ಕಾಯುವುದೇ? ಅದು ಹುಟ್ಟಿದ್ದು ಎರಡು ಪ್ರತಿಗಳನ್ನು ಒಂದೇ ಆಗಿಸಲು. ಮೂಲ ಕೆಟ್ಟರೆ ಅದು ಕೆಟ್ಟದ್ದನ್ನೇ ನಿಷ್ಠೆಯಿಂದ ನಕಲಿಸುತ್ತದೆ. ಅಳಿಸುವ ಆಯ್ಕೆ ಕೊಟ್ಟಿದ್ದರೆ ಇಲ್ಲಿ ಅಳಿದದ್ದನ್ನು ಅಲ್ಲೂ ಅಳಿಸುತ್ತದೆ. ಹಾಗಾಗಿ ದಿನಾಂಕವಾರು ಬೇರೆ ಬೇರೆ ಪ್ರತಿಗಳನ್ನಿಡಬೇಕು. ಒಂದು ಪ್ರತಿಯನ್ನು ಜಾಲದಿಂದ ಕಳಚಿದ ಡಿಸ್ಕಿನಲ್ಲಿಡಬೇಕು. ಹೊಸ ಆದೇಶ ಕೊಡುವ ಮುನ್ನ 'ಡ್ರೈ ರನ್' ಆಯ್ಕೆಯಿಂದ ಏನೇನು ಬದಲಾಗುವುದೆಂದು ನೋಡಿಕೊಳ್ಳಬೇಕು. ತಿಂಗಳಿಗೊಮ್ಮೆಯಾದರೂ ಯಾವುದಾದರೊಂದು ಕಡತವನ್ನು ಬ್ಯಾಕಪ್‌ನಿಂದ ಹೊರತೆಗೆದು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಇದೆ ಎಂದು ನಂಬಿ ಕೂರುವಂತಿಲ್ಲ.

ಪಿಂಗ್ ದಾರಿ ಇದೆಯೇ ಎಂದು ಹೇಳುತ್ತದೆ, ಸಾಂಬಾ ಕಡತ ಹಂಚುತ್ತದೆ, ಎಸ್‌ಎಸ್‌ಎಚ್ ದಾರಿಯನ್ನು ಮರೆಮಾಡುತ್ತದೆ, ಆರ್‌ಸಿಂಕ್ ಎರಡನ್ನು ಒಂದಾಗಿಸುತ್ತದೆ. ಅದರಾಚೆಗಿನ ಎಚ್ಚರ ಬಳಸುವವರದು. ಸಾಂಬಾ ಮತ್ತು ಆರ್‌ಸಿಂಕ್‌ಗಳ ಮೂಲ ಸಂಕೇತ ಇಂದಿಗೂ ಎಲ್ಲರಿಗೂ ತೆರೆದಿದೆ. ಆಸಕ್ತ ವಿದ್ಯಾರ್ಥಿಗಳು ಉರುಳುವ ಮೊತ್ತದಿಂದಲೇ ಓದು ಆರಂಭಿಸಬಹುದು.