ನಗರ ರಸ್ತೆ: ನಮ್ಮ ನಿತ್ಯದ ದಾರಿಯ ಹಿಂದಿನ ಕಥೆ

ಉದ್ಯೋಗನಿಮಿತ್ತ ಪುಣೆಗೆ ಬಂದು ವಿಮಾನ ನಗರ, ಕಲ್ಯಾಣಿ ನಗರ, ವಡಗಾಂವ್ ಶೇರಿ, ಖರಾಡಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನಗರ ರಸ್ತೆ ಎಂದೊಡನೆ ಕಣ್ಣ ಮುಂದೆ ಬರುವುದು ವಾಹನಗಳ ಮುಗಿಯದ ಸಾಲು. ಊರಿನಿಂದ ನೆಂಟರು ಬಂದರೆ ಅವರನ್ನು ಶನಿವಾರವಾಡೆಗೆ, ಪರ್ವತಿಗೆ, ಸಿಂಹಗಡಕ್ಕೆ ಕರೆದೊಯ್ಯುತ್ತೇವೆ. ನಮ್ಮ ಓಣಿಯ ತುದಿಯಲ್ಲಿರುವ ಈ ರಸ್ತೆಯಲ್ಲಿ ತೋರಿಸುವಂಥದೇನೂ ಇಲ್ಲ, ಇದೆಲ್ಲ ನಿನ್ನೆ ಮೊನ್ನೆ ಎದ್ದ ಊರು ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಂತೂ ಇತಿಹಾಸವೆಂದರೆ ಹಂಪಿಯಲ್ಲಿ ಅಥವಾ ರಾಯಗಡದಲ್ಲಿ ಇರುವಂಥದು ಎಂದುಕೊಂಡಿದ್ದಾರೆ. ಆದರೆ ಬಂಡ್ ಗಾರ್ಡನ್ನಿನಿಂದ ವಿಮಾನ ನಗರದವರೆಗಿನ ನಾಲ್ಕಾರು ಕಿಲೋಮೀಟರುಗಳಲ್ಲಿ ನಡೆದಷ್ಟು ಸಂಗತಿಗಳು ದೇಶದ ಕೆಲವೇ ಬೀದಿಗಳಲ್ಲಿ ನಡೆದಿದ್ದಾವು. ಅವುಗಳಲ್ಲಿ ಕನ್ನಡ ನಾಡಿನ ಪಾಲೂ ಇದೆ.

ಮೊದಲು ಹೆಸರಿನ ವಿಚಾರ. ವಿಮಾನ ನಗರದ ‘ನಗರ’ವೇ ಬೇರೆ, ನಗರ ರಸ್ತೆಯ ‘ನಗರ’ವೇ ಬೇರೆ. ಎರಡನೆಯದು ಅಹ್ಮದನಗರ. ನಿಜಾಮಶಾಹಿಯ ರಾಜಧಾನಿಯಾಗಿದ್ದ ಆ ಊರಿಗೆ 2024ರಲ್ಲಿ ಅಹಿಲ್ಯಾನಗರ ಎಂದು ಮರುನಾಮಕರಣವಾಯಿತು. ಪುಣೆಯಿಂದ ಸುಮಾರು 120 ಕಿಲೋಮೀಟರ್ ದೂರದ ಆ ಊರಿಗೆ ಹೋಗುವ ದಾರಿಯಾದ್ದರಿಂದ ಇದು ನಗರ ರಸ್ತೆ. ಆ ಊರಿನ ಕೋಟೆಯನ್ನು 1595-96ರಲ್ಲಿ ಮೊಗಲರ ಸೇನೆಯ ಎದುರು ನಿಂತು ಕಾಪಾಡಿದ ಚಾಂದಬೀಬಿ ಅಲ್ಲಿಯ ಮಗಳು, ನಮ್ಮ ವಿಜಾಪುರದ ಸೊಸೆ. ಅಲಿ ಆದಿಲಶಾಹನನ್ನು ಮದುವೆಯಾಗಿ ಬಂದವಳು ಪತಿ ತೀರಿಕೊಂಡ ಮೇಲೆ ವಿಜಾಪುರದ ರಾಜ್ಯಭಾರವನ್ನೂ ಕೆಲಕಾಲ ನಡೆಸಿದಳು.

ಇದೇ ರಸ್ತೆಯಲ್ಲಿ ವಾಘೋಲಿಯನ್ನು ದಾಟಿ ಮುಂದೆ ಹೋದರೆ ಭೀಮಾ ನದಿಯ ದಂಡೆಯ ಕೋರೆಗಾಂವ್ ಸಿಗುತ್ತದೆ. 1818ರ ಜನವರಿ 1ರಂದು ಪೇಶ್ವೆ ಎರಡನೆಯ ಬಾಜೀರಾಯನ ಸೇನೆಗೂ ಕಂಪನಿ ಸರಕಾರದ ಒಂದು ಸಣ್ಣ ತುಕಡಿಗೂ ಇಲ್ಲಿ ಕಾಳಗವಾಯಿತು. ಕಂಪನಿಯ ಕಡೆ ಹೋರಾಡಿದವರಲ್ಲಿ ಮಹಾರ ಸಿಪಾಯಿಗಳು ಅನೇಕರಿದ್ದರು. ಅವರ ನೆನಪಿಗೆ ನಿಂತ ಕಲ್ಲಿನ ಸ್ತಂಭಕ್ಕೆ 1927ರ ಜನವರಿ 1ರಂದು ಡಾ. ಅಂಬೇಡ್ಕರರು ಭೇಟಿಯಿತ್ತರು. ಇಂದಿಗೂ ಪ್ರತಿವರ್ಷ ಆ ದಿನ ಲಕ್ಷಾಂತರ ಜನ ಅಲ್ಲಿ ಸೇರುತ್ತಾರೆ. ಆ ದಿನ ನಗರ ರಸ್ತೆಯ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವುದರ ಕಾರಣ ಇದೇ.

ಪೇಶ್ವೆಯ ಪತನದಿಂದ ನಮ್ಮ ನಾಡಿಗೂ ಒಂದು ಪರಿಣಾಮವಾಯಿತು. ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. 1862ರಲ್ಲಿ ಉತ್ತರ ಕನ್ನಡವೂ ಸೇರಿತು. 1956ರ ನವೆಂಬರ್ 1ರವರೆಗೆ ಆ ಭಾಗದ ಕನ್ನಡಿಗರಿಗೆ ಸರಕಾರ ಮುಂಬಯಿಯದು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಪದವಿ ಬೇಕೆನ್ನುವ ಹುಡುಗರು ಬುತ್ತಿ ಕಟ್ಟಿಕೊಂಡು ಪುಣೆಯ ಹಾದಿ ಹಿಡಿಯುತ್ತಿದ್ದರು. ಆಲೂರ ವೆಂಕಟರಾಯರು, ದ. ರಾ. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು. ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಾವು ಈ ದಾರಿ ತುಳಿದ ಮೊದಲಿಗರೇನೂ ಅಲ್ಲ.

ಇನ್ನು ರೈಲು ನಿಲ್ದಾಣದ ಕಡೆಯಿಂದ ನಮ್ಮ ಬಡಾವಣೆಯತ್ತ ಹೊರಡೋಣ.

ಮೊದಲು ಸಿಗುವುದು ಮುಳಾ-ಮುಠಾ ಹೊಳೆ. ಇಲ್ಲಿಯ ‘ಬಂಡ್’ ಎಂದರೆ ಬೇರೇನೂ ಅಲ್ಲ, ನಮ್ಮ ಒಡ್ಡು. ಮುಂಬಯಿಯ ಪಾರ್ಸಿ ದಾನಿ ಸರ್ ಜಮಶೇಟಜಿ ಜೀಜೀಭಾಯ್ ಅವರ ಧನಸಹಾಯದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಒಡ್ಡು ಎದ್ದಿತು. ಅದರ ಬದಿಯ ತೋಟ ಬಂಡ್ ಗಾರ್ಡನ್ ಆಯಿತು. ಪಕ್ಕದ ಕಲ್ಲಿನ ಕಮಾನುಗಳ ಸೇತುವೆ 1860ರ ದಶಕದ ಕೊನೆಯದು. ಆಗ ಮುಂಬಯಿಯ ಗವರ್ನರರಾಗಿದ್ದ ಫಿಟ್ಜೆರಾಲ್ಡರ ಹೆಸರನ್ನು ಅದಕ್ಕೆ ಇಟ್ಟರು. ಎರಡೂ ತುದಿಗಳಲ್ಲಿ ಸಿಂಹದ ಮೂರ್ತಿಗಳನ್ನು ಕೂರಿಸಿದ್ದಾರೆ. ವಾಹನಗಳ ಭಾರವನ್ನು ಈಗ ಹೊಸ ಸೇತುವೆಗೆ ಒಪ್ಪಿಸಿ ಹಳೆಯದು ವಿಶ್ರಾಂತಿ ಪಡೆಯುತ್ತಿದೆ.

ಹೊಳೆ ದಾಟಿ ಎಡಕ್ಕೆ ಹೊರಳಿ ಸ್ವಲ್ಪ ದೂರ ಹೋದರೆ ಡೆಕ್ಕನ್ ಕಾಲೇಜು. 1821ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ಸಂಸ್ಥೆ 1868ರಲ್ಲಿ ಯರವಡಾದ ಈ ಕಲ್ಲಿನ ಕಟ್ಟಡಕ್ಕೆ ಬಂತು. ಇದಕ್ಕೂ ಜೀಜೀಭಾಯ್ ಅವರ ದಾನವೇ ಆಧಾರ. ಲೋಕಮಾನ್ಯ ತಿಲಕರು ಇಲ್ಲಿಯ ವಿದ್ಯಾರ್ಥಿ. ಅವರಿದ್ದ ಕೋಣೆಯನ್ನು ಕಾಯ್ದಿರಿಸಿದ್ದಾರೆ. 1934ರಲ್ಲಿ ಸರಕಾರ ಕಾಲೇಜನ್ನು ಮುಚ್ಚಿತಾದರೂ 1939ರಲ್ಲಿ ಅದು ಸಂಶೋಧನ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು. ಕನ್ನಡ ನಾಡಿನ ಅತಿ ಪುರಾತನ ಅಧ್ಯಾಯ ಬೆಳಕಿಗೆ ಬಂದದ್ದರಲ್ಲಿ ಈ ಕಟ್ಟಡದ ಋಣ ದೊಡ್ಡದು. ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿ ಶಿಲಾಯುಗದ ಬೇಸಾಯಗಾರರ ನೆಲೆಯನ್ನು 1960ರ ದಶಕದಲ್ಲಿ ಉತ್ಖನನ ಮಾಡಿದ ಡಾ. ಎಂ. ಎಸ್. ನಾಗರಾಜರಾವ್ ಅವರು ಇಲ್ಲಿಯೇ ಸಂಶೋಧನೆ ನಡೆಸಿದವರು. ಸುರಪುರ ಸೀಮೆಯ ಹುಣಸಗಿ, ಇಸಾಂಪುರಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳ ನೆಲೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ ಪ್ರೊ. ಕೆ. ಪದ್ದಯ್ಯನವರೂ ಇದೇ ಸಂಸ್ಥೆಯವರು. ನಮ್ಮ ಊರಿನ ಹೊಲದ ಕಲ್ಲಿನ ಕಥೆಯನ್ನು ಬರೆದದ್ದು ನಮ್ಮ ಈಗಿನ ಮನೆಯ ನೆರೆಯಲ್ಲಿ!

ಇಲ್ಲಿಂದ ಹತ್ತಿರದಲ್ಲೇ ಯರವಡಾ ಕಾರಾಗೃಹದ ಎತ್ತರದ ಗೋಡೆ. 1871ರ ಸುಮಾರಿಗೆ ಇದನ್ನು ಕಟ್ಟಿದಾಗ ಊರು ಬಹು ದೂರ. ಈಗ ಊರೇ ಗೋಡೆಯ ಸುತ್ತ ಬೆಳೆದು ನಿಂತಿದೆ. 1922ರ ಮಾರ್ಚಿಯಲ್ಲಿ ಆರು ವರ್ಷದ ಶಿಕ್ಷೆಯಾದಾಗ ಗಾಂಧೀಜಿಯವರನ್ನು ಇಲ್ಲಿಗೆ ತಂದರು. 1924ರ ಜನವರಿ 12ರ ರಾತ್ರಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರ ಕರುಳಬಾಲದ ಶಸ್ತ್ರಚಿಕಿತ್ಸೆ ನಡೆಯಿತು. ನಡುವೆ ವಿದ್ಯುದ್ದೀಪ ಕೈಕೊಟ್ಟಿದ್ದರಿಂದ ಡಾಕ್ಟರರು ಕಂದೀಲಿನ ಬೆಳಕಿನಲ್ಲಿ ಕೆಲಸ ಮುಗಿಸಿದರು. ಫೆಬ್ರುವರಿ 5ರಂದು ಬಿಡುಗಡೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಅವರು ಕುಳಿತರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಯರವಡಾದ ಬಾಗಿಲು ಆ ವರ್ಷ ತೆರೆಯದೆ ಹೋಗಿದ್ದರೆ ಬೆಳಗಾವಿಗೆ ಆ ಭಾಗ್ಯ ಎಲ್ಲಿಯದು?

1930ರಲ್ಲಿ ಉಪ್ಪಿನ ಸತ್ಯಾಗ್ರಹದ ನಂತರ ಮತ್ತೆ ಇಲ್ಲಿಯೇ ಸೆರೆ. ಪೆಟ್ಟಿಗೆಯಂತೆ ಮಡಚಿ ಒಯ್ಯಬಹುದಾದ ಚರಕಕ್ಕೆ ‘ಯರವಡಾ ಚರಕ’ ಎಂಬ ಹೆಸರು ಬಂದದ್ದೂ ಈ ಸೆರೆಮನೆಯಿಂದಲೇ. 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಇಲ್ಲಿ ಉಪವಾಸ ಆರಂಭಿಸಿದರು. ಅಸ್ಪೃಶ್ಯರೆನಿಸಿಕೊಂಡ ವರ್ಗಗಳಿಗೆ ಬ್ರಿಟಿಷ್ ಸರಕಾರ ಪ್ರತ್ಯೇಕ ಮತದಾರ ಕ್ಷೇತ್ರ ಕೊಟ್ಟುದಕ್ಕೆ ಅವರ ವಿರೋಧ. ತಲೆತಲಾಂತರದಿಂದ ತುಳಿತಕ್ಕೊಳಗಾದ ಜನರಿಗೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಹಕ್ಕು ಬೇಕೆಂಬುದು ಅಂಬೇಡ್ಕರರ ವಾದ. ಒಬ್ಬರ ಪ್ರಾಣ ಒಂದು ತಕ್ಕಡಿಯಲ್ಲಿ, ಕೋಟ್ಯಂತರ ಜನರ ಹಕ್ಕು ಇನ್ನೊಂದರಲ್ಲಿ. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತದಾನ ಹೋಯಿತು. ಅದರ ಬದಲು ಪ್ರಾಂತಗಳ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಆ ಒಪ್ಪಂದ ನ್ಯಾಯವೋ ಒತ್ತಾಯವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಕೋರೆಗಾಂವ್ ಸ್ತಂಭದ ಮುಂದೆ 1927ರಲ್ಲಿ ಎದ್ದ ಮಾನದ ಪ್ರಶ್ನೆಯೇ ಐದು ವರ್ಷಗಳ ನಂತರ ಅದೇ ರಸ್ತೆಯ ಈ ತುದಿಯಲ್ಲಿ ದೇಶವನ್ನೆಲ್ಲ ತಡೆದು ನಿಲ್ಲಿಸಿತು. 1934ರಲ್ಲಿ ಗಾಂಧೀಜಿ ಹರಿಜನ ಪ್ರವಾಸದಲ್ಲಿ ಕೊಡಗು, ಮಂಗಳೂರು, ಉತ್ತರ ಕನ್ನಡ, ಬೆಳಗಾವಿಗಳನ್ನು ಸುತ್ತಿದಾಗ ಅದು ನಮ್ಮ ಹಳ್ಳಿಗಳ ದೇವಾಲಯದ ಬಾಗಿಲಿಗೂ ಮುಟ್ಟಿತು.

ಯರವಡಾದ ಗುಡ್ಡದ ಮೇಲಿರುವ ಪರ್ಣಕುಟಿಯ ಹೆಸರನ್ನು ಇಲ್ಲಿಯ ಚೌಕದ ಫಲಕದಲ್ಲಿ ಎಲ್ಲರೂ ಓದಿರುತ್ತೇವೆ. ಹೆಸರಿಗೆ ಎಲೆಯ ಗುಡಿಸಲು, ನಿಜಕ್ಕೆ ಭವ್ಯ ಬಂಗಲೆ. ಲೇಡಿ ಪ್ರೇಮಲೀಲಾ ಠಾಕರ್ಸೀಯವರ ಈ ಮನೆಯಲ್ಲಿ ಗಾಂಧೀಜಿ 1933ರ ಮೇ ತಿಂಗಳ 21 ದಿನಗಳ ಉಪವಾಸವನ್ನು ಪೂರೈಸಿದರು. ಮರುತಿಂಗಳು, ಜೂನ್ 16ರಂದು, ಅದೇ ಮನೆಯಲ್ಲಿ ಅವರ ಮಗ ದೇವದಾಸರಿಗೂ ರಾಜಾಜಿಯವರ ಮಗಳು ಲಕ್ಷ್ಮಿಗೂ ಮದುವೆ ನಡೆಯಿತು. ಗುಜರಾತಿನ ವರ, ತಮಿಳುನಾಡಿನ ವಧು, ಮರಾಠಿ ನೆಲದ ಲಗ್ನ. ಅದೂ ಜಾತಿಯ ಕಟ್ಟು ಮೀರಿ.

ಅಲ್ಲಿಂದ ಮುಂದೆ ನಮ್ಮ ಬಡಾವಣೆಗೆ ಎರಡು ಮೂರು ಕಿಲೋಮೀಟರ್ ಇರುವಾಗ ಬಲಗಡೆ ಮರಗಳ ನಡುವೆ ಕಾಣುವುದು ಆಗಾ ಖಾನ್ ಅರಮನೆ. ಇದು 1892ರದು. ಕಟ್ಟಿಸಿದವರು ಇಸ್ಮಾಯಿಲಿ ಪಂಥದ ಗುರು ಮೂರನೆಯ ಆಗಾ ಖಾನರು. ಆಗ ಅವರಿಗೆ ಹದಿನೈದರ ವಯಸ್ಸು. ಸುತ್ತಲಿನ ಬರಪೀಡಿತ ಹಳ್ಳಿಗಳ ಜನಕ್ಕೆ ಕೂಲಿ ಸಿಗಲೆಂದು ಈ ಕೆಲಸ ತೆಗೆದರೆಂದು ಹೇಳುತ್ತಾರೆ. ಬರಗಾಲದ ಕಾಮಗಾರಿಯ ಹೆಸರಿನಲ್ಲಿ ಕೆರೆ, ರಸ್ತೆಗಳಾದುದನ್ನು ನಾವು ಬಿಜಾಪುರ ಸೀಮೆಯವರು ಬಲ್ಲೆವು. ಇಲ್ಲಿ ಆದದ್ದು ಅರಮನೆ.

ಅದು ಸೆರೆಮನೆಯಾದದ್ದು 1942ರಲ್ಲಿ. ಆಗಸ್ಟ್ 9ರ ಬೆಳಗಿನ ಜಾವ ಮುಂಬಯಿಯಲ್ಲಿ ನಾಯಕರನ್ನೆಲ್ಲ ಬಂಧಿಸಿ ವಿಶೇಷ ರೈಲಿನಲ್ಲಿ ತಂದರು. ಗಾಂಧೀಜಿಯವರನ್ನು ಚಿಂಚವಾಡದಲ್ಲಿ ಇಳಿಸಿ ಈ ಅರಮನೆಗೆ ಕರೆತಂದರು; ನೆಹರೂ, ಪಟೇಲ್, ಆಜಾದ್ ಮೊದಲಾದವರನ್ನು ಅಹ್ಮದನಗರದ ಕೋಟೆಗೆ ಒಯ್ದರು. ಹೀಗೆ ಸುಮಾರು ಎರಡು ವರ್ಷ ಇದೇ ರಸ್ತೆಯ ಒಂದು ಕೊನೆಯಲ್ಲಿ ಗಾಂಧೀಜಿ, ಇನ್ನೊಂದು ಕೊನೆಯಲ್ಲಿ ನೆಹರೂ ಸೆರೆಯಲ್ಲಿದ್ದರು.

ಬಂಧನವಾದ ಆರು ದಿನಗಳ ನಂತರ, ಆಗಸ್ಟ್ 15ರಂದು, ಕಾರ್ಯದರ್ಶಿ ಮಹಾದೇವ ದೇಸಾಯಿಯವರು ಐವತ್ತರ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಅರಮನೆಯ ಆವರಣದಲ್ಲೇ ದಹನವಾಯಿತು. ಗಾಂಧೀಜಿ ನಿತ್ಯ ಆ ಜಾಗಕ್ಕೆ ಹೂವು ಹಿಡಿದು ಹೋಗುತ್ತಿದ್ದರು. 1943ರ ಫೆಬ್ರುವರಿ 10ರಿಂದ ಮಾರ್ಚ್ 3ರವರೆಗೆ ಮತ್ತೊಂದು ಉಪವಾಸ. ಅದು ಮುಗಿದು ತಿಂಗಳು ತುಂಬುವಷ್ಟರಲ್ಲಿ, ಏಪ್ರಿಲ್ 1ರಂದು, ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಂದಿಗೆ ಪೊಲೀಸರ ಗುಂಡಿಗೆ ಬಲಿಯಾದರು. ಗಾಂಧೀಜಿಯ ಜೊತೆ ದಾಂಡಿಗೆ ನಡೆದ ಕನ್ನಡಿಗ ಅವರು. ಗುರು ಇಲ್ಲಿ ಸೆರೆಯಲ್ಲಿದ್ದಾಗ ಶಿಷ್ಯ ಅಲ್ಲಿ ಪ್ರಾಣ ತೆತ್ತ.

1944ರ ಫೆಬ್ರುವರಿ 22, ಮಹಾಶಿವರಾತ್ರಿಯ ದಿನ, ಕಸ್ತೂರಬಾ ಇದೇ ಮನೆಯಲ್ಲಿ ಕೊನೆಯುಸಿರೆಳೆದರು. ಅರವತ್ತು ವರ್ಷ ಮೀರಿದ ದಾಂಪತ್ಯ. ಪತಿ ಕೈಯಾರೆ ನೂತ ನೂಲಿನ ಸೀರೆಯನ್ನುಟ್ಟು ಅವರು ಚಿತೆಯೇರಿದರು. ಮಹಾದೇವ ದೇಸಾಯಿಯವರ ಪಕ್ಕದಲ್ಲೇ ಅವರ ಸಮಾಧಿ. ಮೇ 6ರಂದು ಕಾಯಿಲೆಯ ಕಾರಣ ಬಿಡುಗಡೆಯಾದಾಗ ಗಾಂಧೀಜಿ ಎರಡೂ ಸಮಾಧಿಗಳಿಗೆ ನಮಿಸಿ ಪರ್ಣಕುಟಿಗೆ ಹೋದರು. ಬಂದಾಗ ಜೊತೆಗಿದ್ದ ಇಬ್ಬರು ಹಿಂದೆ ಉಳಿದರು. 1969ರಲ್ಲಿ, ಗಾಂಧಿ ಶತಾಬ್ದಿಯ ವರ್ಷ, ನಾಲ್ಕನೆಯ ಆಗಾ ಖಾನರು ಅರಮನೆಯನ್ನು ರಾಷ್ಟ್ರಕ್ಕೆ ಕೊಟ್ಟರು.

ಅರಸೀಕೆರೆಯ ಕಸ್ತೂರಬಾ ಆಶ್ರಮವನ್ನೋ 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜನ್ನೋ ನಮ್ಮಲ್ಲಿ ಬಹಳ ಜನ ಬಲ್ಲರು. ಆ ಹೆಸರಿನ ತಾಯಿ ಮಣ್ಣಾದದ್ದು ನಮ್ಮ ಮನೆಯಿಂದ ರಿಕ್ಷಾ ಹಿಡಿದರೆ ಹತ್ತು ನಿಮಿಷದ ಜಾಗದಲ್ಲಿ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ಇನ್ನು ನಮ್ಮ ಬಡಾವಣೆ. ಲೋಹಗಾಂವದ ವಿಮಾನ ನೆಲೆ 1939ರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಬೆಳೆಯಿತು. ಇಂದಿಗೂ ಅದು ವಾಯುಪಡೆಯ ನೆಲೆಯೇ. ನಾಗರಿಕ ವಿಮಾನಗಳು ಅದೇ ಓಡುದಾರಿಯನ್ನು ಹಂಚಿಕೊಳ್ಳುತ್ತವೆ. ಆ ಲೋಹಗಾಂವ್ ಸಂತ ತುಕಾರಾಮರ ತಾಯಿಯ ತವರೂರು ಎಂದು ವಾರಕರಿಗಳು ಹೇಳುತ್ತಾರೆ. ಹೊಲಗಳಿದ್ದಲ್ಲಿ ಮನೆಗಳೆದ್ದು, ವಿಮಾನ ನಿಲ್ದಾಣದ ನೆರೆಯಾದ್ದರಿಂದ ವಿಮಾನ ನಗರವೆಂಬ ಹೆಸರು ಬಂತು. 2011ರಲ್ಲಿ ಫೀನಿಕ್ಸ್ ಮಾರ್ಕೆಟ್ ಸಿಟಿ ತೆರೆಯಿತು. 2024ರ ಮಾರ್ಚ್ 6ರಂದು ರಾಮವಾಡಿಯವರೆಗೆ ಮೆಟ್ರೋ ಬಂತು. ಅದೇ ವರ್ಷ ವಿಮಾನ ನಿಲ್ದಾಣದ ಹೊಸ ಕಟ್ಟಡವೂ ಬಳಕೆಗೆ ಬಂತು.

ಬೇರೆ ಊರಿಗೆ ಬಂದು ನೆಲೆಸಿದವರಿಗೆ ಒಂದು ಅಳುಕು ಸದಾ ಇರುತ್ತದೆ: ಮನೆ ನಮ್ಮದು, ಊರು ಯಾರದೋ ಎಂಬ ಅಳುಕು. ಕಂತು ಕಟ್ಟಿ ಕೊಂಡ ಮನೆಯಿಂದ ಆ ಅಳುಕು ಹೋಗುವುದಿಲ್ಲ; ಆ ಊರಿನ ಸುಖದುಃಖಗಳನ್ನು ಅರಿತಾಗ ಸ್ವಲ್ಪ ಕಡಿಮೆಯಾಗುತ್ತದೆ. ಊರನ್ನು ಅರಿಯದೆ ಇಲ್ಲಿ ಮೂವತ್ತು ವರ್ಷ ಕಳೆದರೂ ನಾವು ಪ್ರಯಾಣಿಕರೇ. ನಮ್ಮ ಮಕ್ಕಳು ಹಾಗಾಗಬಾರದು. ಫೆಬ್ರುವರಿ 22ರಂದೋ, ಯಾವುದಾದರೊಂದು ಭಾನುವಾರವೋ, ಅವರ ಕೈಹಿಡಿದು ಆಗಾ ಖಾನ್ ಅರಮನೆಯ ಹಿಂಬದಿಯ ಆ ಎರಡು ಸಮಾಧಿಗಳವರೆಗೆ ಹೋಗಿಬರೋಣ. ದಾರಿಯಲ್ಲಿ ಮೈಲಾರ ಮಹಾದೇವಪ್ಪನವರ ಕಥೆಯನ್ನು ಕನ್ನಡದಲ್ಲಿಯೇ ಹೇಳೋಣ.