ಒಂಟೆ ವೈದ್ಯನ ಎರಡನೆಯ ಬದುಕು

ಒಂಟೆಯ ಕಣ್ಣಿನಲ್ಲಿ ವಾಸ ಮಾಡುವ ಒಂದು ಸಣ್ಣ ಹುಳುವಿದೆ. 1910ರಲ್ಲಿ ವಿಜ್ಞಾನಿಗಳು ಅದಕ್ಕೆ ಥೆಲೇಜಿಯಾ ಲೀಸಿಯೈ ಎಂದು ಹೆಸರಿಟ್ಟರು. ಹಿಂದೂಸ್ತಾನದಲ್ಲಿ ಒಂಟೆಗಳಿಗೆ ಮದ್ದು ಮಾಡುತ್ತಿದ್ದ ಆರ್ನಾಲ್ಡ್ ಸ್ಪೆನ್ಸರ್ ಲೀಸ್ ಎಂಬ ಇಂಗ್ಲಿಷ್ ಪಶುವೈದ್ಯನ ಗೌರವಾರ್ಥ ಇಟ್ಟ ಹೆಸರದು. ಇಪ್ಪತ್ತೈದು ವರ್ಷಗಳ ನಂತರ ಇದೇ ಮನುಷ್ಯ ಲಂಡನ್ನಿನಲ್ಲಿ ಒಂದು ಫ್ಯಾಸಿಸ್ಟ್ ಸಂಘಟನೆಯ ನಾಯಕನಾಗಿ, ಯಹೂದಿಗಳನ್ನು ಭೂಮಿಯಿಂದಲೇ ಇಲ್ಲವಾಗಿಸುವ ಉಪಾಯಗಳ ಬಗ್ಗೆ ಬರೆಯುತ್ತಿದ್ದ. ಮೂಕ ಪ್ರಾಣಿಯ ನೋವಿಗೆ ಕರಗುತ್ತಿದ್ದ ಮನಸ್ಸು ಮನುಷ್ಯರ ವಿಷಯದಲ್ಲಿ ಕಲ್ಲಾದದ್ದು ಹೇಗೆ?

ಎರಡು ಮಹಾಯುದ್ಧಗಳ ನಡುವಿನ ಚರಿತ್ರೆ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವವರು ಹಿಟ್ಲರ್ ಮತ್ತು ಮುಸೊಲಿನಿ. ಲೀಸ್‌ನ ಹೆಸರು ದಪ್ಪ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಮಾತ್ರ ಸಿಗುತ್ತದೆ. ಅವನು ಪಾರ್ಲಿಮೆಂಟಿನ ಮೆಟ್ಟಿಲು ಹತ್ತಲಿಲ್ಲ. ಅವನ ಹಿಂದೆ ಜನಸಾಗರವೂ ಇರಲಿಲ್ಲ. ಆದರೂ ಅವನ ಬದುಕನ್ನು ತಿಳಿಯುವುದು ಅಗತ್ಯವೆಂದು ನನಗನಿಸುತ್ತದೆ. ಹಿಟ್ಲರನಂಥವರು ಶತಮಾನಕ್ಕೊಬ್ಬರು ಬರಬಹುದು. ಲೀಸ್‌ನಂಥವರು ನಮ್ಮ ನಿಮ್ಮ ಬೀದಿಯಲ್ಲೇ ಇರುತ್ತಾರೆ.

ಲೀಸ್ ಹುಟ್ಟಿದ್ದು 1878ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ. 1903ರಲ್ಲಿ ಪಶುವೈದ್ಯನಾಗಿ ಹೊರಬಂದ. 1907ರಲ್ಲಿ ಬ್ರಿಟಿಷ್ ಸರಕಾರದ ಪಶುವೈದ್ಯ ಇಲಾಖೆಯ ನೌಕರಿ ಹಿಡಿದು ಹಿಂದೂಸ್ತಾನಕ್ಕೆ ಬಂದ. ಆ ಕಾಲದಲ್ಲಿ ವಾಯವ್ಯ ಗಡಿಯ ಸೇನೆಗೆ ಒಂಟೆಯೇ ಲಾರಿ, ಒಂಟೆಯೇ ರೈಲು. ಕಚ್ಚುವ ನೊಣಗಳಿಂದ ಹರಡುವ ಸರ್ರಾ ಎಂಬ ರೋಗಕ್ಕೆ ಒಂಟೆಗಳು ಹಿಂಡುಹಿಂಡಾಗಿ ಬಲಿಯಾಗುತ್ತಿದ್ದವು. ಲೀಸ್ ಈ ರೋಗದ ಅಧ್ಯಯನದಲ್ಲಿ, ಔಷಧಿಗಳ ಪ್ರಯೋಗದಲ್ಲಿ ವರ್ಷಗಳನ್ನು ಕಳೆದ. ಆಮೇಲೆ ಪೂರ್ವ ಆಫ್ರಿಕಾಕ್ಕೆ ಹೋದ. ಮೊದಲ ಮಹಾಯುದ್ಧದಲ್ಲಿ ಸೇನೆಯ ಪಶುವೈದ್ಯ ದಳದಲ್ಲಿ ದುಡಿದ. 1927ರಲ್ಲಿ ಅವನು ಪ್ರಕಟಿಸಿದ, ಒಂದು ಡುಬ್ಬದ ಒಂಟೆಯ ಆರೋಗ್ಯ ಮತ್ತು ರೋಗಗಳನ್ನು ಕುರಿತ ಗ್ರಂಥ ಆ ಕ್ಷೇತ್ರದವರಿಗೆ ದಶಕಗಳ ಕಾಲ ಆಕರವಾಗಿತ್ತು. ಬದುಕು ಅಲ್ಲಿಗೇ ನಿಂತಿದ್ದರೆ ಪಶುವೈದ್ಯರು ಅವನನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದರು.

ಯುದ್ಧದ ನಂತರ ಲೀಸ್ ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ ಆಸ್ಪತ್ರೆ ತೆರೆದು ನೆಲೆಸಿದ. ಯುದ್ಧ ಗೆದ್ದ ಇಂಗ್ಲೆಂಡಿನಲ್ಲಿ ನಿರುದ್ಯೋಗವಿತ್ತು, ಮುಷ್ಕರಗಳಿದ್ದವು. ರಷ್ಯಾದ ಕ್ರಾಂತಿ ತಮ್ಮಲ್ಲಿಗೂ ಬಂದೀತೆಂಬ ಭಯ ಮಧ್ಯಮ ವರ್ಗದವರನ್ನು ಕಾಡುತ್ತಿತ್ತು. ಇಟಲಿಯಲ್ಲಿ ಮುಸೊಲಿನಿ ಅಧಿಕಾರ ಹಿಡಿದದ್ದನ್ನು ಕಂಡು ಇಂಗ್ಲೆಂಡಿನಲ್ಲಿಯೂ 1923ರಲ್ಲಿ ಒಂದು ಫ್ಯಾಸಿಸ್ಟ್ ಸಂಘ ಹುಟ್ಟಿಕೊಂಡಿತು. ಲೀಸ್ ಅದನ್ನು ಸೇರಿದ. 1924ರಲ್ಲಿ ಅವನೂ ಅವನ ಇನ್ನೊಬ್ಬ ಸಂಗಡಿಗನೂ ಸ್ಟ್ಯಾಮ್‌ಫರ್ಡ್ ಪುರಸಭೆಗೆ ಆರಿಸಿ ಬಂದರು. ಇಂಗ್ಲೆಂಡಿನಲ್ಲಿ ಫ್ಯಾಸಿಸ್ಟರೆಂದು ಹೇಳಿಕೊಂಡೇ ಚುನಾವಣೆ ಗೆದ್ದವರಲ್ಲಿ ಇವರೇ ಮೊದಲಿಗರು. ಆದರೆ ಆ ಸಂಘದ ಮೆದು ಧೋರಣೆ ಲೀಸ್‌ಗೆ ಸಾಕಾಗಲಿಲ್ಲ.

ಇಷ್ಟರಲ್ಲಿ ಅದೇ ಪಟ್ಟಣದ ಆರ್ಥರ್ ಕಿಟ್ಸನ್ ಎಂಬವನು ಅವನ ಕೈಗೆ ಒಂದು ಪುಸ್ತಕವಿತ್ತ. ಇಡೀ ಜಗತ್ತನ್ನು ಗುಲಾಮಗಿರಿಗೆ ತಳ್ಳಲು ಯಹೂದಿ ಹಿರಿಯರು ಗುಟ್ಟಾಗಿ ಸೇರಿ ಮಾಡಿದ ಯೋಜನೆ ಎಂದು ಹೇಳಿಕೊಳ್ಳುವ 'ಪ್ರೊಟೊಕಾಲ್ಸ್' ಅದು. ಅದು ಅಪ್ಪಟ ಖೋಟಾ ದಾಖಲೆ ಎಂಬುದು ಆಗಲೇ ಬಯಲಾಗಿತ್ತು. 1921ರ ಆಗಸ್ಟಿನಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಕಾನ್‌ಸ್ಟಾಂಟಿನೋಪಲ್ ವರದಿಗಾರ ಫಿಲಿಪ್ ಗ್ರೇವ್ಸ್ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ್ದ. ಫ್ರಾನ್ಸಿನ ಮೋರಿಸ್ ಜೋಲಿ 1864ರಲ್ಲಿ ಮೂರನೆಯ ನೆಪೋಲಿಯನ್ನನ ಸರ್ವಾಧಿಕಾರವನ್ನು ಲೇವಡಿ ಮಾಡಿ ಒಂದು ಕೃತಿ ಬರೆದಿದ್ದ. ಅದರಲ್ಲಿ ಯಹೂದಿಗಳ ಸುದ್ದಿಯೇ ಇರಲಿಲ್ಲ. ಅದರ ಪುಟಗಳನ್ನೇ ಕದ್ದು, ಅಲ್ಲಿದ್ದ ಸಂಚನ್ನೆಲ್ಲ ಯಹೂದಿಗಳ ತಲೆಗೆ ಕಟ್ಟಿ 'ಪ್ರೊಟೊಕಾಲ್ಸ್' ತಯಾರಿಸಲಾಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಹನಿಯಿಟ್ಟು ರೋಗಾಣುವನ್ನು ಹುಡುಕುತ್ತಿದ್ದ ವೈದ್ಯನಿಗೆ ಎರಡು ಪುಸ್ತಕಗಳನ್ನು ಹೋಲಿಸಿ ನೋಡುವುದು ಕಷ್ಟವಾಗಿತ್ತೇ? ಇರಲಿಲ್ಲ. ಅವನು ನೋಡಲು ಬಯಸಲಿಲ್ಲ.

ಇಲ್ಲಿ ಒಂದು ಸ್ವಂತ ಮಾತು ಹೇಳಬೇಕು. ನಾನು ಈ ಪುಸ್ತಕವನ್ನು ಮೊದಲು ಕಂಡದ್ದು ಇಂಗ್ಲಿಷಿನಲ್ಲಿ ಅಲ್ಲ, ಉರ್ದುವಿನಲ್ಲಿ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಚಚ್ಚಾ ಅವರ ಕಪಾಟಿನಲ್ಲಿ, ನಮಾಜಿನ ವಿಧಾನದ ಪುಸ್ತಕ ಮತ್ತು ಯುನಾನಿ ಮನೆಮದ್ದಿನ ಪುಸ್ತಕಗಳ ನಡುವೆ ಅದಿತ್ತು. ಚಚ್ಚಾ ಸಾಧು ಮನುಷ್ಯ. ಓಣಿಯ ಬೆಕ್ಕಿಗೂ ಹಾಲಿಟ್ಟೇ ತಾವು ಚಹಾ ಕುಡಿಯುತ್ತಿದ್ದವರು. "ಓದು ಬೇಟಾ, ದುನಿಯಾ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ" ಎಂದು ಅವರೇ ನನ್ನ ಕೈಗಿತ್ತರು. ನಾನು ಓದಿದೆ, ನಂಬಿದೆ. ಅವರು ಬದುಕಿನಲ್ಲಿ ಒಬ್ಬನೇ ಒಬ್ಬ ಯಹೂದಿಯನ್ನೂ ಕಂಡವರಲ್ಲ. ನಾನೂ ಕಂಡಿರಲಿಲ್ಲ. ವರ್ಷಗಳ ನಂತರ ಲೀಸ್‌ನ ಬಗ್ಗೆ ಓದುವಾಗ, ಅವನ ಮೇಜಿನ ಮೇಲಿದ್ದದ್ದೂ ಚಚ್ಚಾರ ಕಪಾಟಿನಲ್ಲಿದ್ದದ್ದೂ ಒಂದೇ ಪುಸ್ತಕ ಎಂದು ತಿಳಿದು ನಾಚಿಕೆಯಾಯಿತು.

1928ರಲ್ಲಿ ಲೀಸ್ ವೃತ್ತಿಯಿಂದ ನಿವೃತ್ತನಾದ. ಇಂಪೀರಿಯಲ್ ಫ್ಯಾಸಿಸ್ಟ್ ಲೀಗ್ ಎಂಬ ಸಂಘಟನೆಯ ಚುಕ್ಕಾಣಿ ಹಿಡಿದು 'ದಿ ಫ್ಯಾಸಿಸ್ಟ್' ಎಂಬ ಪತ್ರಿಕೆ ಹೊರಡಿಸಿದ. ಬ್ರಿಟಿಷ್ ಬಾವುಟದ ನಡುವೆ ಸ್ವಸ್ತಿಕವನ್ನಿಟ್ಟ ಧ್ವಜ ಅವರದು. ಸದಸ್ಯರು ಕೆಲವು ನೂರು ಮಂದಿ ಇದ್ದಿರಬಹುದು. ಅದೇ ಕಾಲದಲ್ಲಿ ಶ್ರೀಮಂತ ಮನೆತನದ ಓಸ್ವಾಲ್ಡ್ ಮೋಸ್ಲಿ 1932ರಲ್ಲಿ ಕಟ್ಟಿದ ಪಕ್ಷಕ್ಕೆ ಸಾವಿರಾರು ಜನ ಸೇರಿದ್ದರು. ಲೀಸ್‌ನ ಕಣ್ಣಿಗೆ ಮೋಸ್ಲಿಯೂ ಯಹೂದಿಗಳ ಕೈಗೊಂಬೆ! 1933ರ ನವೆಂಬರಿನಲ್ಲಿ ಮೋಸ್ಲಿಯ ಕರಿ ಅಂಗಿಯವರು ಲೀಸ್‌ನ ಸಭೆಗೆ ನುಗ್ಗಿ ಅವನನ್ನೇ ಥಳಿಸಿದರು. ದ್ವೇಷದ ಬೀದಿಯಲ್ಲಿ ನಡೆಯುವವನಿಗೆ ತನಗಿಂತ ಬಲವಾದ ದ್ವೇಷಿಯೊಬ್ಬ ಎದುರಾಗುವುದು ಸಹಜ.

ಲೀಸ್‌ನ ದ್ವೇಷಕ್ಕೆ ಅವನ ವೃತ್ತಿಯೇ ಒಂದು ಆಧಾರವಾಯಿತು ಎಂಬುದು ಮುಖ್ಯ ಸಂಗತಿ. ಯಹೂದಿಗಳು ತಮ್ಮ ಧರ್ಮದ ಪ್ರಕಾರ ಪ್ರಾಣಿಯನ್ನು ಜಬಹ್ ಮಾಡುವ ಕ್ರಮ ಕ್ರೂರವೆಂದು ಅವನು ಬರೆದ, ಭಾಷಣ ಮಾಡಿದ. ಪ್ರಾಣಿಯ ನೋವು ಕಡಿಮೆಯಾಗಬೇಕೆಂಬುದು ನ್ಯಾಯವಾದ ಮಾತು. ಅದನ್ನು ಯಾರಾದರೂ ಪ್ರಾಮಾಣಿಕವಾಗಿ ಕೇಳಿದರೆ ಉತ್ತರಿಸುವ ಹೊಣೆ ಮಾಂಸ ತಿನ್ನುವ ನಮ್ಮೆಲ್ಲರ ಮೇಲಿದೆ. ಆದರೆ ಲೀಸ್‌ನ ವಾದ ಅಲ್ಲಿಗೆ ನಿಲ್ಲಲಿಲ್ಲ. ಹೀಗೆ ಕತ್ತಿ ಹಿಡಿಯುವವರು ಹುಟ್ಟಿನಿಂದಲೇ ಕ್ರೂರಿಗಳು ಎಂಬಲ್ಲಿಗೆ ಅದು ಜಿಗಿಯಿತು. ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೂರೇ ತಿಂಗಳಲ್ಲಿ, 1933ರ ಏಪ್ರಿಲಿನಲ್ಲಿ, ಪ್ರಾಣಿದಯೆಯ ಹೆಸರಿನಲ್ಲಿ ಯಹೂದಿ ಜಬಹ್ ಕ್ರಮವನ್ನು ನಿಷೇಧಿಸಿದರು. ಆ ದಯೆಯ ಮುಂದಿನ ಅಧ್ಯಾಯವನ್ನು ಜಗತ್ತು ಬಲ್ಲದು. 2022ರ ಯುಗಾದಿ ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗೆದ್ದಾಗ ನನಗೆ ಈ ಒಂಟೆ ವೈದ್ಯ ನೆನಪಾಗಿದ್ದ. ಆಗಲೂ ಚರ್ಚೆ ಕುರಿಯಿಂದ ಶುರುವಾಗಿ ಕಸಾಯಿಯ ಧರ್ಮದ ಮೇಲೆ ಬಂದು ನಿಂತಿತ್ತು.

1935ರಲ್ಲಿ ಲೀಸ್ ತನ್ನ ಪತ್ರಿಕೆಯಲ್ಲಿ ಬರೆದದ್ದನ್ನು ಓದಿದರೆ ಮೈ ನಡುಗುತ್ತದೆ. ಯಹೂದಿಗಳನ್ನೆಲ್ಲ ಮಡಗಾಸ್ಕರ್ ದ್ವೀಪಕ್ಕೆ ಸಾಗಿಸಬೇಕೆಂಬುದು ಅವನ ಒಂದು ಸಲಹೆಯಾಗಿತ್ತು. ಅದಕ್ಕಿಂತ ಖಚಿತವಾದ, ಶಾಶ್ವತವಾದ ದಾರಿಯೆಂದರೆ ವಿಷಾನಿಲದ ಕೋಣೆಯಂಥ 'ಮಾನವೀಯ' ವಿಧಾನದಿಂದ ಅವರನ್ನು ಮುಗಿಸುವುದು ಎಂದೂ ಅವನು ಬರೆದ. ಆ ಕೋಣೆ ಅವನ ವೃತ್ತಿಗೆ ಪರಿಚಿತವಾದದ್ದೇ. ಬೀದಿನಾಯಿಗಳನ್ನು, ಬೆಕ್ಕುಗಳನ್ನು ನೋವಿಲ್ಲದೆ ಕೊಲ್ಲಲು ಇಂಗ್ಲೆಂಡಿನಲ್ಲಿ ಅದನ್ನು ಬಳಸುತ್ತಿದ್ದರು. ಆಶ್‌ವಿಟ್ಸ್‌ನ ವಿಷಾನಿಲದ ಕೋಣೆಗಳಿಗೆ ಇನ್ನೂ ಆರೇಳು ವರ್ಷ ಬಾಕಿಯಿತ್ತು. ಹಿಟ್ಲರ್ ಲೀಸ್‌ನಿಂದ ಕಲಿತ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಮಾತು ಯಾವುದೋ ಸಣ್ಣ ಪತ್ರಿಕೆಯ ಪುಟದಲ್ಲಿ ಸಲೀಸಾಗಿ ಅಚ್ಚಾಗುತ್ತಿತ್ತು, ಓದುಗರು ಅದನ್ನು ಓದಿ ಚಹಾ ಕುಡಿಯುತ್ತಿದ್ದರು ಎಂಬುದನ್ನು ಮರೆಯಬಾರದು.

1936ರ ಜುಲೈ ಸಂಚಿಕೆಯಲ್ಲಿ ಲೀಸ್ ಇನ್ನೊಂದು ಹಳೆಯ ವಿಷವನ್ನು ಹೊರತೆಗೆದ. ಯಹೂದಿಗಳು ತಮ್ಮ ಹಬ್ಬದ ಆಚರಣೆಗಾಗಿ ಕ್ರೈಸ್ತ ಮಕ್ಕಳನ್ನು ಕದ್ದು ಕೊಲ್ಲುತ್ತಾರೆ ಎಂಬ ಅಪವಾದ ಅದು. ಈ ಸುಳ್ಳಿಗೆ ಅವನ ಜಿಲ್ಲೆಯಲ್ಲೇ ಏಳು ಶತಮಾನಗಳ ಇತಿಹಾಸವಿತ್ತು. 1255ರಲ್ಲಿ ಲಿಂಕನ್ ಪಟ್ಟಣದಲ್ಲಿ ಹ್ಯೂ ಎಂಬ ಬಾಲಕನ ಶವ ಬಾವಿಯಲ್ಲಿ ಸಿಕ್ಕಿದಾಗ ಇದೇ ಆರೋಪ ಹೊರಿಸಿ, ರಾಜ ಮೂರನೆಯ ಹೆನ್ರಿಯ ಆಜ್ಞೆಯಂತೆ 19 ಯಹೂದಿಗಳನ್ನು ಗಲ್ಲಿಗೇರಿಸಿದ್ದರು. 1936ರ ನ್ಯಾಯಾಲಯ ಲೀಸ್‌ನನ್ನು ಸಾರ್ವಜನಿಕ ಕೇಡಿನ ಅಪರಾಧಿ ಎಂದು ಘೋಷಿಸಿತು. ಅವನು ದಂಡ ಕಟ್ಟದೆ ಆರು ತಿಂಗಳು ಜೈಲಿನಲ್ಲಿ ಕುಳಿತ. ಹೊರಬಂದು ತನ್ನ ಸಮರ್ಥನೆಗಾಗಿ ಪುಸ್ತಕವನ್ನೂ ಬರೆದ.

ಈ ಅಪವಾದ ಯುರೋಪಿನಲ್ಲಿ ಹುಟ್ಟಿದ್ದು ನಿಜ. ಆದರೆ ನಮ್ಮವರ ಆಡಳಿತದಲ್ಲಿಯೂ ಅದು ಕಾಲಿಟ್ಟ ಘಟನೆಯಿದೆ. 1840ರಲ್ಲಿ ದಮಾಸ್ಕಸ್ಸಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಕಾಣೆಯಾದಾಗ, ಅಲ್ಲಿನ ಯಹೂದಿಗಳನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಕೆಲವರು ಸತ್ತೇ ಹೋದರು. ಆಗ ಆ ನಗರ ಈಜಿಪ್ಟಿನ ಮುಹಮ್ಮದ್ ಅಲಿ ಪಾಷಾನ ಕೈಯಲ್ಲಿತ್ತು. ಅದೇ ವರ್ಷದ ನವೆಂಬರಿನಲ್ಲಿ ಉಸ್ಮಾನಿ ಸುಲ್ತಾನ ಅಬ್ದುಲ್ ಮಜೀದ್ ಫರ್ಮಾನು ಹೊರಡಿಸಿ, ಈ ಆರೋಪಕ್ಕೆ ಯಾವ ಆಧಾರವೂ ಇಲ್ಲವೆಂದು ಸಾರಿದ. ನಮ್ಮ ಚರಿತ್ರೆಯಲ್ಲಿ ಚಿತ್ರಹಿಂಸೆಯೂ ಇದೆ, ಫರ್ಮಾನೂ ಇದೆ. ಯಾವುದರ ವಾರಸುದಾರರಾಗಬೇಕು ಎಂಬುದು ನಮ್ಮ ಆಯ್ಕೆ.

ಮಕ್ಕಳ ಕಳ್ಳರ ಸುಳ್ಳು ಎಷ್ಟು ಬೇಗ ಹೆಣ ಬೀಳಿಸುತ್ತದೆ ಎಂಬುದನ್ನು ನಾವು ನಮ್ಮ ನೆಲದಲ್ಲೇ ಕಂಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಹೊಡೆದು ಕೊಂದಿತು. ಅವನ ಜತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿತ್ತು. ಲೀಸ್‌ಗೆ ಒಂದು ಸುಳ್ಳು ಹರಡಲು ಅಚ್ಚುಕೂಟ ಬೇಕಾಗಿತ್ತು. ಈಗ ಒಂದು ಹೆಬ್ಬೆರಳು ಸಾಕು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ, 1940ರಲ್ಲಿ, ಬ್ರಿಟಿಷ್ ಸರಕಾರ ಲೀಸ್‌ನನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿತು. ಆರೋಗ್ಯ ಕೆಟ್ಟದ್ದರಿಂದ ಯುದ್ಧ ಮುಗಿಯುವ ಮೊದಲೇ ಬಿಡುಗಡೆಯಾಯಿತು. ಯುದ್ಧ ಮುಗಿದಾಗ 60 ಲಕ್ಷ ಯಹೂದಿಗಳ ಹತ್ಯೆಯ ವಿವರಗಳು ಹೊರಬಂದವು. ಮನುಷ್ಯನಾದವನು ತಾನು ಬರೆದದ್ದನ್ನು ನೆನೆದು ನಿದ್ದೆಗೆಡಬೇಕಿತ್ತು. ಲೀಸ್ ಬದಲಾಗಲಿಲ್ಲ. ಹತ್ಯಾಕಾಂಡವೇ ಸುಳ್ಳೆಂದು ವಾದಿಸಿದ ಮೊದಲಿಗರಲ್ಲಿ ಒಬ್ಬನಾದ. ಯಾವುದನ್ನು ಆಗಲೆಂದು ಬಯಸಿದ್ದನೋ ಅದು ಆಗಿಯೇ ಇಲ್ಲವೆಂದ! ತಪ್ಪಿಸಿಕೊಂಡ ಇಬ್ಬರು ಡಚ್ ನಾಜಿ ಸೈನಿಕರಿಗೆ ನೆರವಾದದ್ದಕ್ಕೆ 1947ರಲ್ಲಿ ಮತ್ತೊಮ್ಮೆ ಜೈಲು ಕಂಡ. 1951ರಲ್ಲಿ ಬರೆದ ಆತ್ಮಕಥೆಯಲ್ಲಿ ತನ್ನನ್ನು ಯಹೂದಿ ವಿರೋಧಿ ಒಂಟೆ ಡಾಕ್ಟರ್ ಎಂದು ಹೆಮ್ಮೆಯಿಂದಲೇ ಕರೆದುಕೊಂಡ. 1956ರ ಜನವರಿಯಲ್ಲಿ ಸತ್ತ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿದ್ದ ಅವನ ಮನೆ, ಅವನ ಹೆಂಡತಿಯ ಮೂಲಕ ಕಾಲಿನ್ ಜೋರ್ಡನ್ ಎಂಬ ಶಿಷ್ಯನ ಪಾಲಾಯಿತು. ಅದಕ್ಕೆ ಆರ್ನಾಲ್ಡ್ ಲೀಸ್ ಹೌಸ್ ಎಂದು ಹೆಸರಾಯಿತು. 1958ರಲ್ಲಿ ಅದೇ ನಾಟಿಂಗ್ ಹಿಲ್‌ನಲ್ಲಿ ವೆಸ್ಟ್ ಇಂಡೀಸಿನ ಕರಿಯರ ಮೇಲೆ ಬಿಳಿಯ ಪುಂಡರು ದಾಳಿ ನಡೆಸಿದ ದಿನಗಳಲ್ಲಿ ಜೋರ್ಡನ್ನನ ಸಂಘಟನೆ ಆ ಮನೆಯಿಂದಲೇ ಜನಾಂಗದ್ವೇಷದ ಪ್ರಚಾರ ಮಾಡುತ್ತಿತ್ತು. 1962ರಲ್ಲಿ ಜೋರ್ಡನ್ನನ ಜತೆ ಸೇರಿ ನಾಜಿ ಪಕ್ಷ ಕಟ್ಟಿದ ಜಾನ್ ಟಿಂಡಲ್, 1982ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿಯನ್ನು ಸ್ಥಾಪಿಸಿದ. ಆ ಪಕ್ಷ ಮುಂದೆ ಮುಸಲ್ಮಾನರನ್ನೇ ತನ್ನ ಮುಖ್ಯ ಗುರಿ ಮಾಡಿಕೊಂಡಿತು. ಯಹೂದಿಯಿಂದ ಕರಿಯನಿಗೆ, ಕರಿಯನಿಂದ ಮುಸಲ್ಮಾನನಿಗೆ. ಗುರಿ ಬದಲಾಗುತ್ತದೆ, ಬಂದೂಕು ಅದೇ.

"ಫೆಲೆಸ್ತೀನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಯಹೂದಿಗಳ ಪರವಾಗಿ ಯಾಕೆ ಬರೆಯುತ್ತೀರಿ?" ಎಂದು ಕೆಲವರು ಕೇಳಬಹುದು. ಫೆಲೆಸ್ತೀನಿಯರಿಗೆ ನ್ಯಾಯ ಕೇಳಲು ಸತ್ಯ ಸಾಲದೇ? ಅವರು ಕಳೆದುಕೊಂಡ ಮನೆ, ಹೊಲ, ಬದುಕು ಇವೆಲ್ಲ ದಾಖಲೆಯಲ್ಲಿವೆ. ಅವುಗಳ ಪಕ್ಕದಲ್ಲಿ ಒಂದು ಖೋಟಾ ಪುಸ್ತಕವನ್ನಿಟ್ಟರೆ ಸತ್ಯದ ತೂಕವೇ ಕಡಿಮೆಯಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1935ರ ಒಂದೇ ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಯಹೂದಿಗಳು ಫೆಲೆಸ್ತೀನಿಗೆ ಬಂದಿಳಿದರು. ಅವರಲ್ಲಿ ಬಹಳಷ್ಟು ಮಂದಿಯನ್ನು ಅಲ್ಲಿಗೆ ಅಟ್ಟಿದ್ದು ಯುರೋಪಿನ ದ್ವೇಷ, ಲೀಸ್‌ನಂಥವರು ಹಗಲಿರುಳು ಬಿತ್ತಿದ ದ್ವೇಷ. ಆ ದ್ವೇಷದ ಪುಸ್ತಕವನ್ನು ನಾವು ಉರ್ದುವಿಗೆ ಅನುವಾದಿಸಿ ಕಪಾಟಿನಲ್ಲಿ ಜೋಪಾನ ಮಾಡಿದೆವು. ಒಂದು ಜನಾಂಗದ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದಿಂದ ದೂರ ಮಾಡಬಾರದೆಂದು ಜುಮಾ ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ ನಾವು?

ಚಚ್ಚಾ ತೀರಿಕೊಂಡ ಮೇಲೆ ಅವರ ಪುಸ್ತಕಗಳು ನನ್ನ ಪಾಲಿಗೆ ಬಂದವು. ಆ ಪುಸ್ತಕವೂ ಬಂತು. ಸುಡಬೇಕೆನಿಸಲಿಲ್ಲ, ರದ್ದಿಗೆ ಹಾಕಿದರೆ ಇನ್ನೊಬ್ಬರ ಕೈ ಸೇರುತ್ತದೆ. ಮೊದಲ ಪುಟದಲ್ಲಿ ಉರ್ದುವಿನಲ್ಲಿಯೇ, ಇದು ಖೋಟಾ, 1864ರ ಇಂಥ ಪುಸ್ತಕದಿಂದ ಕದ್ದದ್ದು, 1921ರಲ್ಲೇ ಬಯಲಾಗಿದೆ ಎಂದು ಶಾಯಿಯಲ್ಲಿ ಬರೆದಿಟ್ಟೆ. ನನ್ನ ಮಕ್ಕಳು ಮುಂದೊಂದು ದಿನ ಕಪಾಟು ತೆರೆದಾಗ ಮೊದಲು ಆ ಸಾಲುಗಳನ್ನು ಓದಲಿ.